ಬೇಡಿ ಪಡೆಯುವ ಲ್ಯಾಪ್‌ಟಾಪ್

ವಿಜಯವಾಡದಿಂದ ಗೆಳೆಯನ ಫೋನು. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಬೇಕಂತೆ. ಸಿಡಿ ಡ್ರೈವ್ ಇಲ್ಲ, ಪೆನ್‌ಡ್ರೈವ್ ಚುಚ್ಚಿದರೆ ಬೂಟ್ ಆಗಲ್ಲ.

“ನೆಟ್‌ವರ್ಕ್ ಕೇಬಲ್ ಸಿಕ್ಕಿಸೋ ಜಾಗ ಇದೆಯಾ ಮಾರಾಯ?”
“ಇದೆ.”
“ಹಾಗಾದ್ರೆ ಸಾಕು.”

ಅವನ ಮನೆ ಇರುವುದು ಇಂದ್ರಕೀಲಾದ್ರಿಯ ಬುಡದಲ್ಲಿ. ಅರ್ಜುನ ತಪಸ್ಸು ಮಾಡಿ ಪಾಶುಪತ ಪಡೆದದ್ದು ಆ ಬೆಟ್ಟದಲ್ಲೇ ಅಂತ ಊರವರ ನಂಬಿಕೆ. ಈ ಲ್ಯಾಪ್‌ಟಾಪಿನದೂ ಅದೇ ದಾರಿ: ತನ್ನಲ್ಲಿಲ್ಲದ್ದನ್ನು ಬೇಡಿಯೇ ಪಡೆಯಬೇಕು.

ಹೀಗೆ ನೆಟ್‌ವರ್ಕಿನಿಂದಲೇ ಬೂಟ್ ಆಗುವ ವಿಧಾನಕ್ಕೆ ಪಿಎಕ್ಸ್‌ಇ ಅಂತ ಹೆಸರು. ಇಂಟೆಲ್ 1999ರಲ್ಲಿ ಇದರ 2.1ನೇ ಆವೃತ್ತಿಯನ್ನು ಪ್ರಕಟಿಸಿತು. ಡಿಸ್ಕ್ ಖಾಲಿಯಿದ್ದರೂ ನೆಟ್‌ವರ್ಕ್ ಕಾರ್ಡಿನಲ್ಲಿರುವ ಪುಟ್ಟ ಪ್ರೋಗ್ರಾಂ ಎದ್ದು, ಕೇಬಲ್ಲಿನಲ್ಲಿ ಕೂಗು ಹಾಕುತ್ತದೆ. ಆ ಕಡೆಯ ಕಂಪ್ಯೂಟರಿನಲ್ಲಿರುವ ಡಿಎಚ್‌ಸಿಪಿ ಸರ್ವರ್ ಐಪಿ ವಿಳಾಸ ಕೊಟ್ಟು, ಬೂಟ್ ಫೈಲ್ ಎಲ್ಲಿದೆಯೆಂದು ತಿಳಿಸುತ್ತದೆ. ಟಿಎಫ್‌ಟಿಪಿ ಮೂಲಕ ಆ ಫೈಲ್, ಅದರ ಬೆನ್ನಿಗೇ ಕರ್ನೆಲ್ ಬಂದು ಮೆಮೊರಿಯಲ್ಲಿ ಕೂರುತ್ತವೆ. ಡೆಬಿಯನ್ ಲಿನಕ್ಸ್ ಇದಕ್ಕೆಂದೇ ‘ನೆಟ್‌ಬೂಟ್’ ಕಡತಗಳನ್ನು ಕೊಡುತ್ತದೆ. ಮಿಕ್ಕ ಪ್ಯಾಕೇಜುಗಳು ಇಂಟರ್‌ನೆಟ್ಟಿನಿಂದ ಇಳಿಯುತ್ತವೆ. ವೈಫೈ ನಂಬಿಕೊಂಡು ಕೂರಬೇಡಿ, ಹಳೇ ಯಂತ್ರಗಳಿಗೆ ಕೇಬಲ್ಲೇ ಗತಿ.

ಹೀಗೆ ಬೇಡಿ ಪಡೆಯುವುದು ಹೊಸ ಯಂತ್ರಗಳಿಗೂ ತಪ್ಪಿದ್ದಲ್ಲ: 2008ರಲ್ಲಿ ಮ್ಯಾಕ್‌ಬುಕ್ ಏರ್ ಸಿಡಿ ಡ್ರೈವ್ ಇಲ್ಲದೆ ಬಂದಾಗ, ಪಕ್ಕದ ಕಂಪ್ಯೂಟರಿನ ಡ್ರೈವನ್ನೇ ಎರವಲು ಪಡೆಯುವ ‘ರಿಮೋಟ್ ಡಿಸ್ಕ್’ ಸೌಲಭ್ಯವನ್ನು ಆಪಲ್ ಕೊಟ್ಟಿತ್ತು.

ಅಂದಹಾಗೆ, ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುಂಚೆ ಬಯಾಸ್‌ನ ಬೂಟ್ ಪಟ್ಟಿ ನೋಡಿ. ‘ನೆಟ್‌ವರ್ಕ್’ ಅಂತಿದ್ದರೆ ಅದಕ್ಕಿನ್ನೂ ಆಯಸ್ಸಿದೆ.