ಹಂಗೇರಿಯ ನೋನಿಯಸ್ ಕುದುರೆಗಳು

ಯೂರೋಪು ಖಂಡದ ನಡುಭಾಗದಲ್ಲಿರುವ ಹಂಗೇರಿಯು ಬಹುಕಾಲದಿಂದಲೂ ಕುದುರೆಗಳಿಗೆ ಹೆಸರಾದ ದೇಶವು. ಮಗ್ಯಾರರೆಂಬ ಅಲ್ಲಿಯ ಜನರ ಪೂರ್ವಿಕರು ಒಂಬತ್ತನೆಯ ಶತಮಾನದ ಅಂತ್ಯದಲ್ಲಿ ಮೂಡಲ ದಿಕ್ಕಿನ ಹುಲ್ಲುಗಾವಲುಗಳಿಂದ ಕುದುರೆಯೇರಿಯೇ ಬಂದು ನೆಲಸಿದವರು. ಆದರೂ ಅಲ್ಲಿಯ ಸುಪ್ರಸಿದ್ಧವಾದ ನೋನಿಯಸ್ ಎಂಬ ಅಶ್ವಕುಲದ ಮೂಲಪುರುಷನು ಹಂಗೇರಿಯಲ್ಲಿ ಹುಟ್ಟಿದವನಲ್ಲ. ಯುದ್ಧದಲ್ಲಿ ಸೆರೆಸಿಕ್ಕಿದ ಪರದೇಶಿಯು, ಮೇಲಾಗಿ ಕುರೂಪಿಯು. ಅಂಥವನಿಂದ ಸತ್ಕುಲವೊಂದು ಬೆಳೆದ ಬಗೆಯನ್ನು ವಾಚಕರಿಗೆ ತಿಳಿಸಬೇಕೆಂಬುದೇ ನಮ್ಮ ಉದ್ದೇಶ.

ಹಂಗೇರಿಯ ಆಗ್ನೇಯ ಭಾಗದಲ್ಲಿ, ರುಮೇನಿಯದ ಗಡಿಗೆ ಅನತಿದೂರದಲ್ಲಿ, ಮೆಜೊಹೆಜೆಶ್ ಎಂಬ ಊರು ಉಂಟು. ತುರ್ಕರ ಕಾಲದ ಯುದ್ಧಗಳಿಂದ ಆ ಸೀಮೆಯು ಜನಶೂನ್ಯವಾದ ಬಯಲಾಗಿದ್ದಿತು. ಸೈನ್ಯಕ್ಕೆ ಬೇಕಾದ ಕುದುರೆಗಳನ್ನು ಹೊರಗಿನಿಂದ ಕೊಳ್ಳುವುದಕ್ಕಿಂತ ಸ್ವದೇಶದಲ್ಲಿಯೇ ಬೆಳಸುವುದು ಮೇಲೆಂದು ಚೆಕೋನಿಚ್ ಎಂಬ ಸೇನಾಧಿಕಾರಿಯು ಸೂಚಿಸಲು, ಚಕ್ರವರ್ತಿ ಎರಡನೆಯ ಯೋಸೆಫನು ೧೭೮೪ರಲ್ಲಿ ಅಲ್ಲಿ ಅಶ್ವಶಾಲೆಯನ್ನು ಸ್ಥಾಪಿಸಿದನು. ಲೋಕದಲ್ಲಿ ಊರಿಗಾಗಿ ಲಾಯವನ್ನು ಕಟ್ಟುವರು. ಇಲ್ಲಿ ಲಾಯಕ್ಕಾಗಿ ಊರು ಹುಟ್ಟಿತು.

ನಮ್ಮ ಕಥಾನಾಯಕನು ೧೮೧೦ರಲ್ಲಿ ಫ್ರಾನ್ಸಿನ ನಾರ್ಮಂಡಿ ಪ್ರಾಂತದಲ್ಲಿ ಜನಿಸಿದನು. ತಂದೆಯು ಓರಿಯನ್ ಎಂಬ ಇಂಗ್ಲೆಂಡಿನ ಕುದುರೆ, ತಾಯಿ ನಾರ್ಮಂಡಿಯವಳು. ನೆಪೋಲಿಯನ್ನನ ಪತನಕಾಲದಲ್ಲಿ, ಅಂದರೆ ೧೮೧೪ರಲ್ಲಿ, ಆಸ್ಟ್ರಿಯದ ಸೈನ್ಯವು ರೋಸಿಯೇರ್ ಎಂಬಲ್ಲಿಯ ಅಶ್ವಶಾಲೆಯಿಂದ ಇವನನ್ನು ಹಿಡಿದು ತಂದಿತು. ೧೮೧೬ರಲ್ಲಿ ಇವನು ಮೆಜೊಹೆಜೆಶ್ ಸೇರಿದನು.

ಬಂದವನನ್ನು ಕಂಡು ಅಲ್ಲಿಯವರಿಗೆ ಸಂತೋಷವಾಗಲಿಲ್ಲ. ಭಾರವಾದ ತಲೆ, ಸಣ್ಣ ಕಣ್ಣು, ಉದ್ದ ಕಿವಿ, ಗಿಡ್ಡ ಕತ್ತು, ನೀಳವಾದ ಬೆನ್ನು, ಕೆಳಗಿಳಿದ ಬಾಲ: ಇವು ಆ ಕುದುರೆಯ ಲಕ್ಷಣಗಳು. ನಮ್ಮ ಶಾಲಿಹೋತ್ರಶಾಸ್ತ್ರವು ಕುದುರೆಯ ಅಂಗಾಂಗಗಳನ್ನೂ ಸುಳಿಗಳನ್ನೂ ಒಂದೊಂದಾಗಿ ಎಣಿಸಿ ಶುಭಾಶುಭಗಳನ್ನು ಹೇಳುವುದು. ಆ ಶಾಸ್ತ್ರದ ಪಂಡಿತರಾರಾದರೂ ಅಲ್ಲಿದ್ದಿದ್ದರೆ ಇವನನ್ನು ಹೊರಗಟ್ಟಿಸುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಮೊದಮೊದಲು ತಳಿ ಬೆಳಸುವವರು ಇವನಲ್ಲಿ ಆದರ ತೋರಲಿಲ್ಲ. ಆದರೆ ಇವನ ಮರಿಗಳು ಬೆಳೆಯುತ್ತ ಬಂದಂತೆ ಎಲ್ಲರೂ ಬೆರಗಾದರು. ತಂದೆಯ ಕುರೂಪವು ಬಹುಮಟ್ಟಿಗೆ ಮರೆಯಾಗಿ, ಅವನ ಬಲವೂ ಸೌಮ್ಯಸ್ವಭಾವವೂ ಮಕ್ಕಳಲ್ಲಿ ಇಳಿದುಬಂದಿದ್ದುವು. ಆಗ ಅರಬ್ಬೀ, ಹೋಲ್‌ಸ್ಟೈನ್, ಲಿಪಿಜಾನ್ ಮೊದಲಾದ ನಾನಾ ಜಾತಿಯ ಹೆಣ್ಣುಕುದುರೆಗಳನ್ನು ಇವನೊಡನೆ ಕೂಡಿಸಿದರು. ೧೮೩೨ರಲ್ಲಿ ಇವನು ಸತ್ತಾಗ ಹೊಸ ಕುಲವೊಂದು ನೆಲೆಗೊಂಡಿದ್ದಿತು. ಉಳಿದಿದ್ದ ಅಂಗದೋಷಗಳನ್ನು ತಿದ್ದುವುದಕ್ಕಾಗಿ ೧೮೬೦ರ ಸುಮಾರಿನಲ್ಲಿ ಥರೋಬ್ರೆಡ್ ಎಂಬ ಇಂಗ್ಲೆಂಡಿನ ಪಂದ್ಯದ ಕುದುರೆಗಳ ರಕ್ತವನ್ನು ಬೆರಸಿದರು. ೧೯೦೦ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಆ ಕುರೂಪಿಯ ವಂಶಜನಿಗೇ ‘ಆದರ್ಶಾಶ್ವ’ವೆಂಬ ಬಿರುದು ದೊರೆಯಿತು!

ನಮ್ಮಲ್ಲಿ ಗೋತ್ರದಿಂದ ಮೂಲಋಷಿಯನ್ನು ಸ್ಮರಿಸುವಂತೆ, ಅಲ್ಲಿ ಈ ವಂಶದ ಗಂಡುಕುದುರೆಗಳಿಗೆ ನೋನಿಯಸ್ ಎಂಬ ಹೆಸರನ್ನೇ ಇಟ್ಟು ಮುಂದೆ ಸಂಖ್ಯೆಯನ್ನು ಸೇರಿಸುವರು. ಇವುಗಳ ಬಣ್ಣ ಹೆಚ್ಚಾಗಿ ಕಪ್ಪು, ಇಲ್ಲವೆ ಕಡುಗೆಂಪು. ಎತ್ತರ ಸುಮಾರು ೧೫೫ರಿಂದ ೧೬೫ ಸೆಂಟಿಮೀಟರು. ಎಲುಬು ಗಟ್ಟಿ, ಎದೆ ವಿಶಾಲ. ಓಟದಲ್ಲಿ ಪಂದ್ಯದ ಕುದುರೆಗೆ ಇವು ಸಮವಲ್ಲ, ಬೆಳೆಯುವುದೂ ನಿಧಾನ. ಆದರೆ ಬಂಡಿಗೆ ಹೂಡಿದರೆ ಬಂಡಿ, ನೇಗಿಲಿಗೆ ಹೂಡಿದರೆ ನೇಗಿಲು, ಫಿರಂಗಿಗೆ ಕಟ್ಟಿದರೆ ಫಿರಂಗಿ: ಎಲ್ಲವನ್ನೂ ಬೆದರದೆ ಎಳೆಯುವುವು. ಒಕ್ಕಲಿಗನ ಮನೆಗೆ ಇದಕ್ಕಿಂತ ಬೇರೆ ಸುಲಕ್ಷಣವುಂಟೇ?

ಈ ಕುದುರೆಗಳ ಚಾತುರ್ಯವನ್ನು ನೋಡಬೇಕಾದರೆ ದೆಬ್ರೆತ್ಸೆನ್ ನಗರದ ಪಶ್ಚಿಮಕ್ಕಿರುವ ಹೊರ್ತೊಬಾಜ್ ಬಯಲಿಗೆ ಹೋಗಬೇಕು. ಇಂತಹ ಬಯಲನ್ನು ಅಲ್ಲಿಯವರು ಪುಸ್ತಾ ಎನ್ನುವರು. ಬರಿದಾದುದೆಂದು ಆ ಮಾತಿನ ಅರ್ಥ. ಕಣ್ಣು ಹರಿಯುವಷ್ಟು ದೂರವೂ ಹುಲ್ಲು. ನಡುನಡುವೆ ನಮ್ಮ ಏತದಂತೆಯೇ ಉದ್ದನೆಯ ಮರವನ್ನು ಎತ್ತಿ ನಿಂತ ಬಾವಿಗಳು. ೧೮೩೩ರಲ್ಲಿ ಮುಗಿದ ಒಂಬತ್ತು ಕಮಾನುಗಳ ಕಲ್ಲಿನ ಸೇತುವೆ. ಇಲ್ಲಿಯ ಕುದುರೆಗಾಹಿಗಳಿಗೆ ಚಿಕೋಶರೆಂದು ಹೆಸರು. ನೀಲಿಯ ಸಡಿಲವಾದ ಉಡುಪನ್ನು ತೊಟ್ಟು, ಹೊಟ್ಟೆಪಟ್ಟಿಯಿಲ್ಲದ ಜೀನಿನ ಮೇಲೆ ಕುಳಿತು, ಇವರು ನಿರಾಯಾಸವಾಗಿ ಸವಾರಿಮಾಡುವರು. ಆಜ್ಞೆಯಾದೊಡನೆ ಕುದುರೆಯು ನೆಲದ ಮೇಲೆ ಮಲಗುವುದು; ನಾಯಿಯಂತೆ ಕುಳಿತುಕೊಳ್ಳುವುದೂ ಉಂಟು. ಒಬ್ಬನೇ ಸವಾರನು ಹಿಂದಿನ ಎರಡು ಕುದುರೆಗಳ ಬೆನ್ನಿನ ಮೇಲೆ ಕಾಲೂರಿ ನಿಂತು, ಮುಂದೆ ಮೂರನ್ನು ಓಡಿಸುವುದಂತೂ ಅದ್ಭುತವಾದ ನೋಟ.

ಆದರೆ ಈ ಕುಲಕ್ಕೂ ಕೇಡುಗಾಲವು ಬಾರದಿರಲಿಲ್ಲ. ಎರಡು ಮಹಾಯುದ್ಧಗಳಲ್ಲಿ ಕುದುರೆಗಳು ಚದರಿಹೋದುವು. ತರುವಾಯ ಟ್ರ್ಯಾಕ್ಟರುಗಳು ಹೊಲಕ್ಕಿಳಿಯಲು, ಉಳುವ ಕುದುರೆಯು ಯಾರಿಗೂ ಬೇಡವಾಯಿತು. ಎಷ್ಟೋ ಕುದುರೆಗಳು ಕಸಾಯಿಖಾನೆಗೆ ಹೋದುವು. ಹಿಂದೆ ರೂಪವಿಲ್ಲವೆಂದು ಮೂಲಪುರುಷನನ್ನು ಹಳಿದರು. ಈಗ ಉಪಯೋಗವಿಲ್ಲವೆಂದು ಸಂತಾನವನ್ನು ತೊರೆದರು. ಆದರೂ ಕೆಲವರು ಬಿಡದೆ ವಂಶವನ್ನು ಕಾಪಾಡಿದರು. ೨೦೦೪ರಲ್ಲಿ ಹಂಗೇರಿಯ ಶಾಸನಸಭೆಯು ಸ್ವದೇಶದ ಇತರ ತಳಿಗಳೊಡನೆ ಇದನ್ನೂ ರಾಷ್ಟ್ರದ ಸಂಪತ್ತೆಂದು ಸಾರಿತು. ಸಂಖ್ಯೆಯು ಅಲ್ಪವಾದರೂ ಮೆಜೊಹೆಜೆಶಿನಲ್ಲಿಯೂ ಹೊರ್ತೊಬಾಜಿನಲ್ಲಿಯೂ ಇಂದಿಗೂ ನೋನಿಯಸ್ ಮರಿಗಳು ಹುಟ್ಟುತ್ತಿವೆ.

ಮೈಯ ಲಕ್ಷಣವನ್ನು ಒಂದು ಗಳಿಗೆಯಲ್ಲಿ ಎಣಿಸಿಬಿಡಬಹುದು. ಗುಣವನ್ನು ಅರಿಯುವುದಕ್ಕೆ ಮಾತ್ರ ಒಂದು ತಲೆಮಾರು ಕಾಯಬೇಕು. ಮೆಜೊಹೆಜೆಶಿನವರು ಹಾಗೆ ಕಾದುದರಿಂದಲೇ ಸೆರೆಯ ಕುದುರೆಯೊಂದು ದೇಶಕ್ಕೆ ಸಂಪತ್ತಾಯಿತು.