ಉಡಿಗಾಲದ ಹಿತ್ತಲು, ಊಟಿಯ ಇಬ್ಬನಿ

ಹಿತ್ತಲಿಗೆ ಯಾವಾಗ ಬೀಜ ಹಾಕಬೇಕು ಅಂತ ಕೇಳಿದರೆ ನಮ್ಮ ಅತ್ತೆಯವರು ಪಂಚಾಂಗ ತೆಗೆಯುತ್ತಿರಲಿಲ್ಲ. ಬಾಗಿಲಾಚೆ ಬಂದು ಒಂದು ಗಳಿಗೆ ಗಾಳಿಗೆ ಮುಖ ಕೊಟ್ಟು ನಿಲ್ಲುತ್ತಿದ್ದರು. “ಇನ್ನೂ ಹೊತ್ತಾಗಿಲ್ಲ ಕನವ್ವ, ಸುಮ್ನಿರು” ಅಂತ ಒಳಗೆ ಹೋಗಿಬಿಡುತ್ತಿದ್ದರು. ನಾನು ಎಸ್.ಎಸ್.ಎಲ್.ಸಿ. ಓದಿದವಳು ನೋಡಿ, ಇದೆಲ್ಲ ಸುಮ್ಮನೆ ಶಾಸ್ತ್ರ ಅಂದುಕೊಂಡಿದ್ದೆ.

ಉಡಿಗಾಲ ನಮ್ಮ ಚಾಮರಾಜನಗರ ತಾಲ್ಲೂಕಿನ ಊರು. ಅರಿಶಿನ, ಸಣ್ಣ ಈರುಳ್ಳಿ, ಜೋಳ, ಹುರುಳಿ, ಸೂರ್ಯಕಾಂತಿ ಬೆಳೆಯುವ ಸೀಮೆ. ಮಲೆನಾಡಿನ ಸೋದರಿಯರಿಗೆ ಮಳೆಗಾಲ ಅಂದರೆ ಜೂನ್, ಜುಲೈ. ನಮಗೆ ಹಾಗಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ ಅಂತ ಏಪ್ರಿಲ್, ಮೇ ತಿಂಗಳಲ್ಲಿ ಒಂದು ಕಂತು. ಆಮೇಲೆ ಆಷಾಢದಲ್ಲಿ ಬರೀ ಗಾಳಿ. ಪಡುವಣ ಘಟ್ಟ ಮತ್ತು ನೀಲಗಿರಿ ಬೆಟ್ಟಗಳು ಮುಂಗಾರಿನ ನೀರನ್ನೆಲ್ಲ ಆ ಕಡೆಯೇ ಸುರಿಸಿಕೊಂಡು, ಒಣಗಾಳಿಯನ್ನು ಮಾತ್ರ ನಮಗೆ ಕಳಿಸುತ್ತವೆ. ಉತ್ತರೆ, ಹಸ್ತ, ಚಿತ್ತೆ ಹೊತ್ತಿಗೆ, ಅಂದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಎರಡನೇ ಕಂತು ಬರುತ್ತದೆ. ಈ ಎರಡು ಕಂತಿನ ನಡುವೆ ಗಿಡ ಉಳಿಸಿಕೊಳ್ಳುವುದೇ ನಮ್ಮ ಹೆಂಗಸರ ಕಷ್ಟ. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಯಾವುದನ್ನೂ ಚೆಲ್ಲುವಂತಿಲ್ಲ.

ಅತ್ತೆಯವರು ತೀರಿಕೊಂಡ ಮರುವರ್ಷ ಅಶ್ವಿನಿ ಮಳೆ ಜೋರಾಗಿ ಬಂತು. ಮಣ್ಣಿನ ವಾಸನೆಗೆ ನನಗೆ ತಡೆಯಲಾಗಲಿಲ್ಲ. ಅವರು ಬೂದಿ ಕಲಸಿ ಗಡಿಗೆಯಲ್ಲಿಟ್ಟಿದ್ದ ಅವರೆ ಬೀಜವನ್ನು ಒಂದು ಕಾಳೂ ಉಳಿಸದೆ ಊರಿಬಿಟ್ಟೆ. ಬೇಗ ಹಾಕಿದರೆ ಬೇಗ ಕಾಯಿ ಅಲ್ಲವೇ ಎಂಬ ಲೆಕ್ಕ. ಹತ್ತೇ ದಿನಕ್ಕೆ ಆಲಿಕಲ್ಲು ಮಳೆ ಬಿದ್ದು ಎಳೆ ಸಸಿಗಳು ಚಿಂದಿಯಾದವು. ಮೂರು ಬಳ್ಳಿ ಮಾತ್ರ ಉಳಿದವು. ಅವಕ್ಕೆ ಆಷಾಢದುದ್ದಕ್ಕೂ ನೀರು ಹೊತ್ತೆ. ಸೂರಿನ ತನಕ ಹಬ್ಬಿದವು, ಎಲೆಯೋ ಎಲೆ. ಆದರೆ ಒಂದು ಹೂವಿಲ್ಲ. ಇವು ಗೊಡ್ಡು ಅಂತ ಸಿಟ್ಟಿನಲ್ಲಿ ಶ್ರಾವಣದಲ್ಲಿ ಕಿತ್ತು ಹಸುವಿಗೆ ಹಾಕಿಬಿಟ್ಟೆ.

ಆಮೇಲೆ ತಿಳಿಯಿತು. ನಾಡ ಅವರೆ ಹೂ ಬಿಡುವುದು ಮಳೆ ನೋಡಿಯಲ್ಲ, ಹಗಲು ನೋಡಿ. ಹಗಲು ಕುಗ್ಗಿ ರಾತ್ರಿ ಉದ್ದವಾಗುತ್ತಾ ಬಂದಾಗಲೇ ಅದು ಮೊಗ್ಗು ಕಟ್ಟುವುದು. ಏಪ್ರಿಲಿನಲ್ಲಿ ಹಾಕಿದರೂ ಆಗಸ್ಟಿನಲ್ಲಿ ಹಾಕಿದರೂ ಹೂವು ಚಳಿಗಾಲದ ಬಾಗಿಲಿಗೇ. ಇನ್ನೆರಡು ಮೂರು ತಿಂಗಳು ಕಾದಿದ್ದರೆ ಆ ಮೂರು ಬಳ್ಳಿಯಿಂದಲೇ ಬೀಜ ಸಿಗುತ್ತಿತ್ತು. ಈಗ ಅಂಗಡಿಯಲ್ಲಿ ವರ್ಷವಿಡೀ ಕಾಯಿ ಬಿಡುವ ಹೊಸ ತಳಿಗಳ ಬೀಜ ಸಿಗುತ್ತದೆ, ನಿಜ. ಆದರೆ ನಮ್ಮ ಅತ್ತೆಯವರ ಕಾಳಿನ ಸೊಗಡು ಅದಕ್ಕಿಲ್ಲ. ಮನೆಯವರು ಏನೂ ಅನ್ನಲಿಲ್ಲ. ಧನುರ್ಮಾಸದಲ್ಲಿ ಹಿತಕಿದಬೇಳೆ ಸಾರು ಉಣ್ಣುವಾಗ “ಇದು ಅವ್ವನ ಕಾಳಲ್ಲ” ಅಂದರು ಅಷ್ಟೆ. ನನಗೆ ತುತ್ತು ಇಳಿಯಲಿಲ್ಲ.

ಎರಡು ವರ್ಷ ಕಳೆದು ಫೆಬ್ರವರಿಯಲ್ಲಿ, ಶಿವರಾತ್ರಿಗೆ ಮುಂಚೆ, ಊಟಿಯಲ್ಲಿರುವ ನಾದಿನಿ ಮನೆಗೆ ಹೋಗಿದ್ದೆ. ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ, ಬಂಡೀಪುರದ ಒಣಗಿದ ಕಾಡು ದಾಟಿ, ತೆಪ್ಪಕಾಡು, ಗೂಡಲೂರಿನ ಮೇಲೆ ದಾರಿ. (ನೀಲಗಿರಿಯಲ್ಲಿ ಪ್ಲಾಸ್ಟಿಕ್ ನಿಷೇಧ, ನೀರಿಗೆ ಸ್ಟೀಲ್ ಬಾಟ್ಲಿಯನ್ನೇ ಒಯ್ಯಿರಿ.) ಗುಂಡ್ಲುಪೇಟೆ ಸುಮಾರು 2,600 ಅಡಿ ಎತ್ತರ, ಊಟಿ 7,300 ಅಡಿಗೂ ಮೇಲೆ. ಹಾಗೆಂದ ಮೇಲೆ ಚಳಿಯ ಮಾತು ಹೇಳಬೇಕೆ?

ನಾದಿನಿಯ ಮನೆ ತಲೈಕುಂದಾ ಕಡೆಯ ತಗ್ಗಿನಲ್ಲಿದೆ. ಪಕ್ಕದಲ್ಲಿ ಒಬ್ಬರು ಬಡಗರ ಅಜ್ಜಿ. ಅವರ ಮಾತು ನಮ್ಮ ಕನ್ನಡಕ್ಕೆ ತೀರ ಹತ್ತಿರ. ‘ಬಡಗ’ ಎಂದರೆ ಬಡಗಣ ದಿಕ್ಕು, ಮೈಸೂರು ಸೀಮೆಯಿಂದ ಬಂದವರು ನಾವು ಎಂದು ಅವರೇ ಹೇಳಿಕೊಳ್ಳುತ್ತಾರೆ. ನಾನು ಅರ್ಧ ಅರ್ಥ ಮಾಡಿಕೊಂಡು, ಇನ್ನರ್ಧಕ್ಕೆ ತಲೆ ಆಡಿಸಿದೆ.

ಆ ಸಂಜೆ ಗಾಳಿಯೇ ಇರಲಿಲ್ಲ, ಆಕಾಶ ತೊಳೆದ ತಟ್ಟೆಯ ಹಾಗಿತ್ತು. ಎಷ್ಟು ಚೆನ್ನಾಗಿದೆ ಅಂದೆ. ನಾದಿನಿ ಮಾತ್ರ ಗೋಣಿಚೀಲ ಹುಡುಕಿಕೊಂಡು ಓಡಾಡುತ್ತಿದ್ದಳು. “ಅತ್ಗೆ, ಮೋಡ ಇದ್ದಿದ್ರೆ ನೆಮ್ಮದಿಯಾಗಿ ಮಲಗ್ತಿದ್ದೆ. ಇವತ್ತು ಬಿಳುಪು ಬೀಳ್ತದೆ” ಅಂದಳು. ಸಂಕ್ರಾಂತಿ ಆಯಿತಲ್ಲ ಅಂತ ಅವಳು ಬೀನ್ಸ್ ಹಾಕಿದ್ದಳು, ಗೇಣುದ್ದ ಬಂದಿತ್ತು. ನಾಲ್ಕು ಸಾಲಿದ್ದವು. ಮೂರು ಸಾಲಿಗೆ ಕಡ್ಡಿ ನೆಟ್ಟು ಚೀಲ ಹೊದಿಸಿದೆವು, ನಾಲ್ಕನೆಯದಕ್ಕೆ ಚೀಲ ಸಾಲಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಹುಲ್ಲಿನ ಮೇಲೆಲ್ಲ ಪುಡಿಯುಪ್ಪು ಚೆಲ್ಲಿದಂತೆ! ಕಾಲಿಟ್ಟರೆ ಹುಲ್ಲು ಪರಪರ ಅನ್ನುತ್ತದೆ. ಇಬ್ಬನಿಯೇ ಹೆಪ್ಪುಗಟ್ಟಿತ್ತು. ತಮಿಳಿನಲ್ಲಿ ಇದಕ್ಕೆ ಉರೈಪನಿ ಅನ್ನುತ್ತಾರೆ. ಬಿಸಿಲು ಏರಿ ಅದು ಕರಗಿದ ಮೇಲೆ ನೋಡಿದರೆ, ಹೊದಿಸದ ಸಾಲು ಬಿಸಿನೀರು ಎರಚಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿತ್ತು. ಹೊದಿಸಿದ ಮೂರೂ ಸಾಲು ಹಸಿರಾಗಿದ್ದವು. ಎಲೆಯೊಳಗಿನ ನೀರು ಮಂಜುಗಡ್ಡೆಯಾದಾಗ ಒಳಗೆಲ್ಲ ಹರಿದುಹೋಗುತ್ತದಂತೆ.

ನೆಲ ಹಗಲು ಕುಡಿದ ಬಿಸಿಯನ್ನು ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಕಂಬಳಿಯ ಹಾಗೆ ತಡೆಯುತ್ತದೆ, ಗೋಣಿಚೀಲ ಮಾಡುವುದೂ ಅದೇ ಕೆಲಸ. ತಣ್ಣನೆಯ ಗಾಳಿ ಭಾರ, ನೀರಿನಂತೆ ಹರಿದು ತಗ್ಗಿಗೆ ಇಳಿಯುತ್ತದೆ. ಆದ್ದರಿಂದಲೇ ದಿಬ್ಬದ ಮೇಲಿನ ಅಜ್ಜಿಯ ಕೋಸಿಗೆ ಏನೂ ಆಗಲಿಲ್ಲ, ಕೆಳಗಿನ ನಾದಿನಿಯ ಬೀನ್ಸಿಗೆ ಮಾತ್ರ ಪೆಟ್ಟು. ಕೋಸು ಒಂದಿಷ್ಟು ಚಳಿ ತಡೆಯುವ ಜಾತಿ ಕೂಡ ಅನ್ನಿ. ನವೆಂಬರಿನಿಂದ ಫೆಬ್ರವರಿವರೆಗೂ ಅಲ್ಲಿ ಈ ಭಯ ಇದ್ದದ್ದೇ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಓಡುತ್ತದೆ ಎಂಬ ಮಾತನ್ನು ನಂಬಿ ಕಾದಿದ್ದರೆ ಆಗುತ್ತಿತ್ತು ಅಂತ ನಾದಿನಿ ಹಲುಬಿದಳು. ನಾನು ನನ್ನ ಗೊಡ್ಡವರೆ ಕಥೆ ಹೇಳಿದೆ. ಇಬ್ಬರದೂ ಒಂದೇ ಜಾತಕ ಅಂತ ನಕ್ಕೆವು.

ನಗುತ್ತಿದ್ದವಳು ತಟ್ಟನೆ ಎದ್ದು ಒಳಗಿಂದ ಒಂದು ಹಳೆಯ ಹಾರ್ಲಿಕ್ಸ್ ಬಾಟ್ಲಿ ತಂದಳು. ತಳದಲ್ಲಿ ಬೂದಿ, ಬೂದಿಯೊಳಗೆ ಅವರೆಕಾಳು. “ಅವ್ವ ಕೊನೇ ಸಲ ಬಂದಾಗ ಕಟ್ಟಿಕೊಟ್ಟಿದ್ದು. ಇಲ್ಲಿ ಹೂ ಬಿಡೋ ಹೊತ್ತಿಗೇ ಬಿಳುಪು ಬಿದ್ದು ಸುಟ್ಟೋಗ್ತದೆ. ಅದಕ್ಕೇ ಹಾಕ್ಲೇ ಇಲ್ಲ ಅತ್ಗೆ” ಅಂದಳು. ಎಣಿಸಿದೆವು, ಇಪ್ಪತ್ತಾರು ಇದ್ದವು. ನಾಲ್ಕಕ್ಕೆ ಹುಳ ತೂತು ಕೊರೆದಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದೆ. ಅಶ್ವಿನಿ ಮಳೆ ಬಂತು, ಮುಟ್ಟಲಿಲ್ಲ. ಭರಣಿ ಬಂತು. ಹೀರೆ, ಪಡವಲ, ಬದನೆ ಹಾಕಿದೆ, ಅವರೆ ಗಂಟು ಬಿಚ್ಚಲಿಲ್ಲ. ಆಷಾಢದ ಗಾಳಿ ಅಡಗಿ, ಆಗಸ್ಟಿನ ಮಖೆ ಮಳೆಯಲ್ಲಿ ಹತ್ತು ಕಾಳು ಊರಿದೆ, ಮಿಕ್ಕವನ್ನು ಗಡಿಗೆಯಲ್ಲೇ ಇಟ್ಟೆ. ಹಳೆಯ ಬೀಜ, ರಾತ್ರಿ ನೆನೆಸಬಾರದಿತ್ತೋ ಏನೋ ಅಂತ ದಿನಾ ಮಣ್ಣು ಕೆದಕಿ ನೋಡುವ ಚಪಲ. ಆರು ಹುಟ್ಟಿದವು. ಒಂದನ್ನು ಕೋಳಿ ತಿಂದಿತು. ಐದು ಬಳ್ಳಿ ಕಾರ್ತಿಕದಲ್ಲಿ ಹೂ ಬಿಟ್ಟವು, ಮಾರ್ಗಶಿರದ ಇಬ್ಬನಿ ಬಿದ್ದ ಮೇಲೆ ಕಾಯಿ ಮುಟ್ಟಿದರೆ ಸಾಕು, ಕೈಗೆಲ್ಲ ಸೊಗಡು.

ಮೊದಲ ಫಸಲಿನ ಸಾರಿಗೆ ಮನೆಯವರು ಎರಡು ಸಲ ಬಡಿಸಿಕೊಂಡರು. ಬುಡದ ಹತ್ತಿರದ ಬಲಿತ ಕಾಯಿಗಳನ್ನು ಮಾತ್ರ ಯಾರಿಗೂ ಕೀಳಲು ಬಿಡದೆ ಬಳ್ಳಿಯಲ್ಲೇ ಒಣಗಿಸಿದೆ. ಗಡಿಗೆ ತುಂಬಿದ ಮೇಲೆ ಮಿಕ್ಕದ್ದನ್ನು ನಾದಿನಿಗೆ ಅದೇ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಬೂದಿ ಸಮೇತ ಕಳಿಸಿದ್ದೇನೆ. ಬಿತ್ತುವುದಕ್ಕಲ್ಲ, ಇಟ್ಟುಕೊಂಡಿರುವುದಕ್ಕೆ.