ಹುಕುಂದಾರ್

ನಮ್ಮ ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಇಂಗ್ಲೀಷು ಬರುತ್ತಿತ್ತು. ಏಳೆಂಟು ಮಾತು, ಅಷ್ಟೇ. ಬ್ರಿಟಿಷರ ಕಾಲಕ್ಕೆ ಖಾನಾಪುರದ ಕಡೆಯ ಹಳ್ಳಿ ಬಿಟ್ಟು ಬೆಳಗಾವಿಗೆ ಬಂದು, ಕ್ಯಾಂಪಿನ ಕುದುರೆ ಲಾಯದಲ್ಲಿ ಲದ್ದಿ ಬಳಿದು ಬದುಕಿದವನು ಅವನು. ರಾತ್ರಿ ಕೇರಿಯಲ್ಲಿ ನಾವು ಹುಡುಗರು ಸುತ್ತ ಕೂತರೆ ಆ ಮಾತುಗಳನ್ನು ಗಂಟಿನಿಂದ ಬೆಲ್ಲ ತೆಗೆದ ಹಾಗೆ ಒಂದೊಂದಾಗಿ ತೆಗೆಯುತ್ತಿದ್ದ.

ಅವುಗಳಲ್ಲಿ ದೊಡ್ಡದು ‘ಹುಕುಂದಾರ್’. ಕತ್ತಲಾದ ಮೇಲೆ ಕೋಟೆಯ ಬಾಗಿಲ ಕಡೆ ಯಾರು ಬಂದರೂ ಪಹರೆಯ ಸಿಪಾಯಿ ಬಂದೂಕು ಅಡ್ಡ ಹಿಡಿದು ಒದರುತ್ತಿದ್ದನಂತೆ: “ಹಾಲ್ಟ್! ಹುಕುಂದಾರ್!” ಅದು ಹುಕುಂ ಕೊಡುವ ಯಾವನೋ ಸಾಹೇಬನ ಹೆಸರೆಂದು ನಾವು ಬಹಳ ವರ್ಷ ತಿಳಿದಿದ್ದೆವು. ಹೈಸ್ಕೂಲಿಗೆ ಬಂದ ಮೇಲೆ ಮಾಸ್ತರೊಬ್ಬರು ಬಿಡಿಸಿ ಹೇಳಿದರು. ಅದು ‘ಹೂ ಕಮ್ಸ್ ದೇರ್’. ಅಲ್ಲಿ ಬರುವವರು ಯಾರು? ಇಂಗ್ಲೀಷಿನ ಪ್ರಶ್ನೆ ನಮ್ಮ ಸಿಪಾಯಿಗಳ ಬಾಯಲ್ಲಿ ಹುಕುಂದಾರ್ ಆಗಿತ್ತು.

“ಅದಕ್ಕ ನೀ ಏನಂತಿದ್ದಿ ಯಜ್ಜಾ?”

“ಏನನ್ನೂದು? ಪ್ರೆಂಡ್ ಅನ್ನೂದು. ಪ್ರೆಂಡ್ ಅಂದ್ರ ಬಿಡ್ತಿದ್ದ.”

ಇದೇ ಪ್ರಶ್ನೆ ನಮ್ಮ ಊರಲ್ಲೂ ಇತ್ತು. ಕತ್ತಲಲ್ಲಿ ಅಗಸಿ ದಾಟಿದರೆ ಜಗಲಿಯ ಮೇಲಿಂದ “ಯಾಂವಲೇ ಅಂವ?” ಅಂತ ಬರುತ್ತಿತ್ತು. “ನಾನರೀ ಗೌಡ್ರ, ಕೆಳಗಿನ ಕೇರಿಯಾಂವ.” ಹೆಸರು ಹೇಳಿದರೆ ಸಾಲದು, ಕೇರಿ ಹೇಳಬೇಕು. ಕೇರಿ ಹೇಳಿ ಬದಿಗೆ ಸರಿಯಬೇಕು. ಊರಲ್ಲಿ ಯಾರಿಗೂ ಒಮ್ಮೆಯೂ ಗೆಳೆಯಾ ಅನ್ನದ ಮನುಷ್ಯ ಆ ಮಾತನ್ನು ಮೊದಲು ಆಡಿದ್ದು ಬಂದೂಕಿನ ಎದುರು ನಿಂತು, ಅದೂ ಇಂಗ್ಲೀಷಿನಲ್ಲಿ.

ಬಿಳಿಯರು ಧರ್ಮಾತ್ಮರು ಎಂದು ಹೇಳುವುದಕ್ಕೆ ನಾವು ಇದನ್ನು ಬರೆಯುತ್ತಿಲ್ಲ. 1818ರಲ್ಲಿ ಈ ಕೋಟೆ ಹಿಡಿದವರು ನಮ್ಮನ್ನು ಬಿಡಿಸಲು ಬಂದವರಲ್ಲ. ಬೇಕಾದಾಗ ಮಹಾರರನ್ನು ಪಲ್ಟಣಕ್ಕೆ ಸೇರಿಸಿಕೊಂಡರು, ಹತ್ತೊಂಬತ್ತನೇ ಶತಮಾನದ ಕೊನೆಗೆ ಭರ್ತಿ ನಿಲ್ಲಿಸಿದರು, ಯುದ್ಧ ಬಂದಾಗ ಮತ್ತೆ ಕರೆದರು. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು 1941ರ ಅಕ್ಟೋಬರಿನಲ್ಲಿ, ಇದೇ ಬೆಳಗಾವಿಯಲ್ಲಿ. ಇನ್ನು ಬಾಗಿಲಲ್ಲಿ ‘ಪ್ರೆಂಡ್’ ಆಗಿದ್ದ ನಮ್ಮ ಅಜ್ಜ ಬಂಗಲೆಯ ಹಿತ್ತಲಿಗೆ ಹೋದ ಕೂಡಲೆ ‘ಬಾಯ್’. ತಲೆ ಬೆಳ್ಳಗಾದರೂ ಬಾಯ್. “ಬಾಯಿ ಅಂದ್ರ ಹೆಂಗಸಲ್ಲೇನ?” ಎಂದು ನಮ್ಮಜ್ಜಿ ನಗುತ್ತಿದ್ದಳು. ನಗುವ ಮಾತಲ್ಲ. ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ದೊರೆಗಳು ಕೂಡಿಸಿದ, 1886ರಲ್ಲಿ ಅಚ್ಚಾದ ‘ಹಾಬ್ಸನ್-ಜಾಬ್ಸನ್’ ಎಂಬ ಶಬ್ದಕೋಶವಿದೆ. ಈ ದೇಶದ ಸಾಹೇಬರ ಬಾಯಲ್ಲಿದ್ದ ‘ಬಾಯ್’ ಎಂಬುದರಲ್ಲಿ ಪಲ್ಲಕ್ಕಿ ಹೊರುವ ಬೋಯಿ ಜಾತಿಯ ಹೆಸರೂ ಬೆರೆತಿದೆ ಎಂದು ಅದು ಹೇಳುತ್ತದೆ.

‘ಕೂಲಿ’ಯ ಕತೆಯೂ ಇಂಥದೇ. ಗುಜರಾತಿನ ಕೋಳಿಯರ ಹೆಸರಿನಿಂದ ಬಂತು ಎನ್ನುವವರಿದ್ದಾರೆ, ನಮ್ಮ ಕನ್ನಡ ತಮಿಳಿನ ಕೂಲಿಯೇ ಎನ್ನುವವರೂ ಇದ್ದಾರೆ. ನಮ್ಮಲ್ಲಿ ಕೂಲಿ ಅಂದರೆ ಸಂಜೆ ಕೈಗೆ ಬೀಳುವ ಜೋಳ, ದುಡ್ಡು. ಇಂಗ್ಲೀಷಿನಲ್ಲಿ ಕೂಲಿ ಅಂದರೆ ಮನುಷ್ಯ. 1834ರಿಂದ ಮಾರಿಷಸ್ಸಿಗೆ ಹಡಗು ಹಡಗು ಸಾಗಿಸಿದರಲ್ಲ, ಆ ಮನುಷ್ಯ. 1924ರಲ್ಲಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಬಂದ ಗಾಂಧೀಜಿಯವರನ್ನೂ ದಕ್ಷಿಣ ಆಫ್ರಿಕಾದಲ್ಲಿ ‘ಕೂಲಿ ಬ್ಯಾರಿಸ್ಟರ್’ ಎಂದು ಕರೆದಿದ್ದರು. ಅವರಿಗೆ ಅದು ಚುಚ್ಚಿತು. ನಮ್ಮವ್ವನಿಗೆ ಯಾರಾದರೂ ಕೂಲಿಯವಳು ಅಂದರೆ “ಹೌದ್ರೀ, ಎಷ್ಟು ಕೊಡ್ತೀರಿ?” ಎಂದು ಕೇಳುತ್ತಿದ್ದಳು.

ಅವ್ವನಿಗೆ ಗೊತ್ತಿದ್ದ ಇಂಗ್ಲೀಷು ‘ಟಿಕೀಟು’. ಫ್ರೆಂಚರಲ್ಲಿ ಅಂಟಿಸುವ ಚೀಟಿಗೆ ಇದ್ದ ಒಂದು ಮಾತಿನಿಂದ ಇಂಗ್ಲೀಷಿಗೆ ಎರಡು ಮಕ್ಕಳು ಹುಟ್ಟಿದವು. ಒಂದು ‘ಟಿಕೆಟ್’. ಇನ್ನೊಂದು ‘ಎಟಿಕೆಟ್’, ಅಂದರೆ ದೊಡ್ಡವರ ಮುಂದೆ ಹೇಗೆ ನಿಲ್ಲಬೇಕು, ಎಲ್ಲಿ ಕೂಡಬೇಕು ಎಂಬ ರೀತಿ ರಿವಾಜು. ಖಾನಾಪುರದ ಬಸ್ಸಿನಲ್ಲಿ ಈ ಅಣ್ಣ ತಮ್ಮಂದಿರು ಜಗಳಾಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವ್ವನ ಕೈಯಲ್ಲಿ ಟಿಕೀಟು, ಎದುರಿಗೆ ಖಾಲಿ ಸೀಟು, ಸೀಟಿನ ಇನ್ನೊಂದು ಬದಿಗೆ ಊರ ಗೌಡಶಾನಿ. “ಕೂಡಬೇ, ರೊಕ್ಕಾ ಕೊಟ್ಟೀವಿ” ಅಂದರೆ, “ಇರ್ಲಿ ತಗೋ, ಇಲ್ಲೇ ಐತಿ” ಎಂದು ಕಂಬ ಹಿಡಿದು ನಿಂತೇ ಬಂದಳು. ಪಿರನವಾಡಿಯಲ್ಲಿ ಆಯಮ್ಮ ಇಳಿದ ಮೇಲೆ ಕೂತಳು. ಅಷ್ಟರಲ್ಲಿ ಬೆಳಗಾವಿ ಬಂದಿತ್ತು.

ಸಾಲಿಯ ಫಾರ್ಮಿನಲ್ಲಿ ‘ಕಾಸ್ಟ್’ ಎಂಬ ಖಾನೆ ಇರುತ್ತಿತ್ತು. ಆ ಮಾತು ಖಾನಾಪುರದ ಘಟ್ಟ ಇಳಿದರೆ ಸಿಗುವ ಗೋವೆಯ ದೊರೆಗಳದು. ಪೋರ್ತುಗೀಜರ ‘ಕಾಸ್ತ’ ಅಂದರೆ ತಳಿ, ವಂಶ. ನಮ್ಮ ರೋಗಕ್ಕೆ ಇಂಗ್ಲೀಷರ ಹತ್ತಿರ ಹೆಸರಿರಲಿಲ್ಲ, ನೆರೆಯವರಿಂದ ಕಡ ತಂದರು. ಆ ಖಾನೆಯಲ್ಲಿ ನಾವು ಬರೆದ ‘ಶೆಡ್ಯೂಲ್ಡ್’ 1935ರ ಕಾಯಿದೆಯದು, ಮರುವರ್ಷ ಪಟ್ಟಿ ಹೊರಟಿತು. ಮೂಲ ಲ್ಯಾಟಿನ್ನಿನಲ್ಲಿ ಅದಕ್ಕೆ ಸಣ್ಣ ಚೀಟಿ ಎಂದು ಅರ್ಥ. ಹಕ್ಕಿನ ಚೀಟಿ, ಅದನ್ನು ನಾವು ಬಿಡುವುದಿಲ್ಲ. ಆದರೂ ಅದಕ್ಕಿಂತ ಮೊದಲು ಇದ್ದ ‘ಡಿಪ್ರೆಸ್ಡ್’ ಎಂಬ ಮಾತಿನಲ್ಲಿ ಒತ್ತಿದವನ ನೆರಳಾದರೂ ಕಾಣುತ್ತಿತ್ತು. ಬಾಬಾಸಾಹೇಬರು 1924ರಲ್ಲಿ ಕಟ್ಟಿದ ಸಭೆಗೂ 1927ರಲ್ಲಿ ತೆಗೆದ ಪತ್ರಿಕೆಗೂ ‘ಬಹಿಷ್ಕೃತ’ ಎಂದೇ ಹೆಸರಿಟ್ಟರು. ಹೊರಗೆ ಹಾಕಿದವರು ಯಾರು ಎಂಬ ಪ್ರಶ್ನೆ ಹೆಸರಿನಲ್ಲೇ ಇತ್ತು. ಚೀಟಿಯಲ್ಲಿ ಆ ಪ್ರಶ್ನೆ ಇಲ್ಲ.

ಇಷ್ಟೆಲ್ಲ ಹುಡುಕುವ ಚಟ ನಮಗೆ ಹತ್ತಿದ್ದು ಒಂದು ಮಾತಿನಿಂದ. ಕಾಲೇಜಿನಲ್ಲಿ ಪಾಠದ ನಡುವೆ ‘ಪರಾಯ’ ಎಂಬ ಶಬ್ದ ಬಂತು. “ಎಲ್ಲರೂ ದೂರ ಇಟ್ಟವನು, ಹೇಸಿಕೆಯವನು” ಎಂದು ಬರೆಸಿದರು. ನಾವೂ ಬರೆದುಕೊಂಡೆವು. ಸಂಜೆ ಲೈಬ್ರರಿಯಲ್ಲಿ ದೊಡ್ಡ ಡಿಕ್ಷನರಿ ತೆಗೆದು ನೋಡಿದರೆ ಅದು ತಮಿಳಿನ ಮಾತು. ಪರೈ ಅಂದರೆ ಚರ್ಮದ ವಾದ್ಯ. ಪರೈಯ ಅಂದರೆ ಅದನ್ನು ಬಾರಿಸುವವನು. ಕೆಳಗೆ ಇನ್ನೊಂದು ಸಾಲು: ಬೀದಿ ನಾಯಿಗೆ ‘ಪರಾಯ ಡಾಗ್’ ಎನ್ನುತ್ತಾರೆ. ಇವತ್ತಿಗೂ ಇಂಗ್ಲೀಷು ಪತ್ರಿಕೆಗಳು ಯಾವುದೋ ದೇಶವನ್ನು ಉಳಿದವರು ದೂರ ಇಟ್ಟರೆ ‘ಪರಾಯ ಸ್ಟೇಟ್’ ಎಂದು ಬರೆಯುತ್ತವೆ. ಬರೆಯುವವರಿಗೆ ತಮಿಳುನಾಡಿನ ಯಾವ ಕೇರಿಯೂ ನೆನಪಾಗುವುದಿಲ್ಲ.

ಅವು ನಮ್ಮ ಕೇರಿಯಲ್ಲಿ ಜಗಳದ ದಿನಗಳು. ಊರ ಹೆಣಕ್ಕೆ, ಊರ ಜಾತ್ರೆಗೆ ಇನ್ನು ಮೇಲೆ ಹಲಗೆ ಬಾರಿಸಬಾರದು ಎಂದು ಹುಡುಗರೆಲ್ಲ ಆಣೆ ಮಾಡಿದ್ದೆವು. ಹಲಗೆಯನ್ನೇ ಹೊಳೆಗೆ ಹಾಕೋಣ ಎಂದು ಕೆಲವರು. ಗೋಡೆಗೆ ತೂಗಿದ ಹಲಗೆಯ ಕೆಳಗೆ ಅಪ್ಪ ಮಾತಿಲ್ಲದೆ ಕೂತಿರುತ್ತಿದ್ದ. ಆ ರವಿವಾರ ಊರಿಗೆ ಹೋಗಿ ಡಿಕ್ಷನರಿಯ ಸುದ್ದಿ ಹೇಳಿದೆವು.

“ಇಂಗ್ಲೀಷ್ನ್ಯಾಗೂ ಹಲಗಿ ಐತೇನು?” ಅಂದ. ಮುಖ ಅರಳಿತ್ತು.

ಅರ್ಥ ಏನಾಗಿದೆ ಎಂಬುದನ್ನೂ ಹೇಳಿದೆವು. ನಾಯಿಯ ಸುದ್ದಿಯನ್ನೂ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ಬಾರ್ಸಾಂವ ಅಂದ್ರ ಬಾರ್ಸಾಂವ. ಅದು ಬೈಗಳ ಹೆಂಗಾತು?”

ನಮ್ಮ ಹತ್ತಿರ ಉತ್ತರವಿರಲಿಲ್ಲ. ಹಲಗೆ ಹೊಳೆಗೆ ಹೋಗಲಿಲ್ಲ. ಊರ ಹೆಣಕ್ಕೂ ಹೋಗಲಿಲ್ಲ. ಆ ವರ್ಷ ಏಪ್ರಿಲ್ 14ಕ್ಕೆ ಅಪ್ಪ ಹುಲ್ಲಿನ ಬೆಂಕಿಯಲ್ಲಿ ಅದನ್ನು ಕಾಯಿಸಿ, ಯಾರೂ ಕರೆಯದೆ, ತಾನೇ ಹೆಗಲಿಗೆ ಹಾಕಿಕೊಂಡು ಮೆರವಣಿಗೆಯ ಮುಂದೆ ಬಂದು ನಿಂತ.